ತೆಂಗಿನೆಣ್ಣೆ ಕುಡಿದ ಚಕ್

ಒಂದು ಚಕ್ ಬಿಚ್ಚಿ, ತೊಳೆದು, ಸರಿಯಾಗಿ ಜೋಡಿಸಿ ತಂಗಿಗೆ ಕೊಡಬೇಕಿತ್ತು. ನಾನು ಅದನ್ನು ಮಾಡಲಿಲ್ಲ. ಮಾಡಿದ್ದೇನೆ ಎಂದು ಹೇಳಿ ಕೊಟ್ಟೆ. ಅದು ಸರಿ ಇಲ್ಲ ಎಂದು ಅವಳು ಹೇಳಿದಾಗ, ತಪ್ಪು ನಿನ್ನ ಕೈಯದ್ದು ಎಂದೆ. ಮೊದಲನೆಯದು ಸೋಮಾರಿತನ. ಎರಡನೆಯದನ್ನು ಏನೆಂದು ಕರೆಯಬೇಕೋ ನನಗೆ ಇನ್ನೂ ಗೊತ್ತಿಲ್ಲ.

ಚಕ್ ಎಂದರೆ ಡ್ರಿಲ್ ಮೆಷಿನಿನ ಮೂತಿ. ಅದರ ಒಳಗೆ ಉಕ್ಕಿನ ಮೂರು ಹಲ್ಲುಗಳಿರುತ್ತವೆ. ಕೀ ಹಾಕಿ ತಿರುಗಿಸಿದರೆ ಮೂರೂ ಒಟ್ಟಿಗೆ ಮುಂದೆ ಬಂದು, ತೂತು ಕೊರೆಯುವ ಬಿಟ್ ಅನ್ನು ಕಚ್ಚಿ ಹಿಡಿಯುತ್ತವೆ. ಮೂರೂ ಸಮನಾಗಿ ಕಚ್ಚಿದರೆ ಬಿಟ್ ನೆಟ್ಟಗೆ ನಿಂತು ತಿರುಗುತ್ತದೆ. ಇದರಲ್ಲಿ ದೊಡ್ಡ ವಿದ್ಯೆ ಏನೂ ಇಲ್ಲ. ನಾನು ಪಾಣೆಮಂಗಳೂರಿನಲ್ಲಿ ಪಂಪು, ಪೈಪು, ಟ್ಯಾಂಕಿನ ಕೆಲಸ ಮಾಡುವವನು. ಆರನೇ ಕ್ಲಾಸಿನಲ್ಲಿ ಶಾಲೆ ಬಿಟ್ಟು ಸ್ಪ್ಯಾನರು ಹಿಡಿದೆ, ಈಗಲೂ ಅದನ್ನೇ ಹಿಡಿದಿದ್ದೇನೆ. ಚಕ್ ನನಗೆ ಹೊಸತಲ್ಲ.

ತಂಗಿಯನ್ನು ಬೆಳುವಾಯಿಗೆ ಮದುವೆ ಮಾಡಿ ಕೊಟ್ಟದ್ದು. ಭಾವ ರಿಕ್ಷಾ ಓಡಿಸುತ್ತಾರೆ. ಅವಳಿಗೆ ಮೊದಲಿನಿಂದಲೂ ಗೆರಟೆಯ, ಅಂದರೆ ತೆಂಗಿನ ಚಿಪ್ಪಿನ, ಹುಚ್ಚು. ಕಾಯಿ ಹೆರೆದಾದ ಮೇಲೆ ನಮ್ಮ ಮನೆಗಳಲ್ಲಿ ಗೆರಟೆ ಸೀದಾ ಬಚ್ಚಲ ಒಲೆಗೆ ಹೋಗುತ್ತದೆ. ಅವಳು ಆ ರಾಶಿಯಿಂದ ಒಳ್ಳೆಯದನ್ನು ಆರಿಸಿ ಬದಿಗಿಡುತ್ತಿದ್ದಳು. ಒಡೆದ ಗಾಜಿನ ಚೂರಿನಲ್ಲಿ ನಾರು ಕೆರೆದು, ಪಾಲಿಶ್ ಪೇಪರಿನಲ್ಲಿ ಉಜ್ಜಿ ಉಜ್ಜಿ, ಕೊನೆಗೆ ಕಪ್ಪು ಕಲ್ಲಿನ ಹಾಗೆ ಹೊಳೆಯುವಂತೆ ಮಾಡಿ, ಎದುರು ಬದುರು ಎರಡು ತೂತು ತೆಗೆದು, ಅಡಿಕೆ ಮರದ ಸೀಳು ತೂರಿಸಿದರೆ ಸೌಟು. ತೂತು ತೆಗೆಯಲು ಕಬ್ಬಿಣದ ಸರಳನ್ನು ಒಲೆಯಲ್ಲಿ ಕಾಯಿಸುತ್ತಿದ್ದಳು. ಹೊಗೆಯಲ್ಲಿ ಕಣ್ಣು ಕೆಂಪಾಗುತ್ತಿತ್ತು. ಆದರೆ ಒಂದು ಗೆರಟೆಯೂ ಒಡೆಯುತ್ತಿರಲಿಲ್ಲ. ಇದನ್ನು ನಾನು ನೆನಪಿಟ್ಟುಕೊಳ್ಳಬೇಕಿತ್ತು.

ಬೆಳ್ತಂಗಡಿಯ ಒಂದು ಹೋಟೆಲಿನವರು ಯಾವುದೋ ಸಮಾರಂಭದಲ್ಲಿ ಅವಳ ಸೌಟು ನೋಡಿದರು. ನಮಗೂ ಬೇಕು, ಬಡಿಸಲಿಕ್ಕೆ ಎಲ್ಲ ಇದೇ ಇರಲಿ ಎಂದರು. ಸರಳು ಕಾಯಿಸಿಕೊಂಡು ಕೂತರೆ ಅಷ್ಟು ಸೌಟು ಮುಗಿಯುವ ಹಾಗಿರಲಿಲ್ಲ. ಅವಳು ನನಗೆ ಫೋನು ಮಾಡಿದಳು.

“ಅಣ್ಣ, ಒಂದು ಹಳೆ ಡ್ರಿಲ್ ಎಲ್ಲಿಯಾದರೂ ಸಿಗ್ತದಾ ನೋಡು. ಹೊಸತು ಬೇಡ.”

“ನಾನಿರುವಾಗ ನಿನಗೆಂಥ ಚಿಂತೆ? ಕಳಿಸ್ತೇನೆ.”

ಬಂಟ್ವಾಳದ ಗುಜರಿ ಅಂಗಡಿಯಲ್ಲಿ ಒಂದು ಸಿಕ್ಕಿತು. ಮೋಟಾರು ಚೆನ್ನಾಗಿತ್ತು. ಚಕ್ ಮಾತ್ರ ಬಿಗಿದುಕೊಂಡಿತ್ತು. ಭಾವ ಮರುದಿನ ಬಿ.ಸಿ. ರೋಡಿಗೆ ಬಾಡಿಗೆ ಬರುವವರಿದ್ದರು, ಹೋಗುವಾಗ ಅವರ ಕೈಯಲ್ಲಿ ಕಳಿಸುವುದೆಂದು ಮಾತಾಗಿತ್ತು. ನಾನು ಚಕ್ಕನ್ನು ಮೆಷಿನಿನಿಂದ ಕಳಚಿ, ಅದರ ಹೊರಬಳೆಯನ್ನು ಬಡಿದು ಜಾರಿಸಿದೆ. ಜಾರಿದ್ದೇ ತಡ, ಮೂರು ಹಲ್ಲುಗಳು ಮಡಿಲಿಗೆ ಬಿದ್ದವು. ಯಾವುದು ಎಲ್ಲಿಂದ ಬಂತು ಎಂದು ನೋಡಲಿಲ್ಲ. ಒಳಗೆ ಊಟಕ್ಕೆ ಕರೆಯುತ್ತಿದ್ದರು. ಬಟ್ಟೆಯಲ್ಲಿ ಒರೆಸಿ, ಕೈಗೆ ಸಿಕ್ಕಿದ್ದನ್ನು ಕಣ್ಣಿಗೆ ಕಂಡ ತೂತಿಗೆ ಹಾಕಿ, ಬಳೆ ಕೂರಿಸಿ ತಿರುಗಿಸಿದೆ. ಎರಡು ಹಲ್ಲು ಒಂದು ಸಮ ಬಂದವು, ಒಂದು ಸ್ವಲ್ಪ ಹಿಂದೆ ನಿಂತಿತು. ಅದು ನನ್ನ ಕಣ್ಣಿಗೆ ಬಿತ್ತು. ಬೀಳಲಿಲ್ಲ ಎಂದು ಇಷ್ಟು ಸಮಯ ನನಗೇ ನಾನು ಹೇಳಿಕೊಂಡಿದ್ದೆ. ಇರಲಿ, ಗೆರಟೆಗೆ ಇಷ್ಟು ಸಾಕು ಎಂದುಕೊಂಡೆ. ಆಮೇಲೆ ನಾವೆಲ್ಲ ಮಾಡುವುದನ್ನೇ ಮಾಡಿದೆ. ಅಡುಗೆಮನೆಯಿಂದ ತೆಂಗಿನೆಣ್ಣೆಯ ಬಾಟಲಿ ತಂದು ಚಕ್ಕಿನ ಬಾಯಿಗೆ ಸುರಿದೆ. ಬೀಗ ಬಿಗಿಯಾದರೂ ತೆಂಗಿನೆಣ್ಣೆ, ಬಾಗಿಲು ಕಿರುಗುಟ್ಟಿದರೂ ತೆಂಗಿನೆಣ್ಣೆ, ತಲೆಗೂ ಅದೇ, ಕಾಲಿನ ಗಾಯಕ್ಕೂ ಅದೇ. ಚಕ್ ನುಣ್ಣಗೆ ತಿರುಗಿತು. ನನಗೆ ಖುಷಿಯಾಯಿತು.

ಒಂದು ವಾರವೂ ಆಗಿರಲಿಲ್ಲ, ಫೋನು ಬಂತು.

“ಅಣ್ಣ, ಇದು ತಲೆ ಆಡಿಸ್ತದೆ. ಬಿಟ್ ಇಟ್ಟಲ್ಲಿ ನಿಲ್ಲುದೇ ಇಲ್ಲ, ಗೆರಟೆಯ ಮೇಲೆ ಓಡಾಡ್ತದೆ.”

“ನೀನು ಗಟ್ಟಿ ಹಿಡಿಯುದಿಲ್ಲ, ಅದಕ್ಕೆ.”

“ಎಷ್ಟು ಗಟ್ಟಿ ಹಿಡಿಯುದು ಮಾರಾಯ? ಕೈ ಸೋತು ಹೋಯ್ತು. ಇವತ್ತು ಬರೇ ಒಡೆದದ್ದೇ.”

“ಮೆಷಿನ್ ಕೆಲಸ ಅಂದ್ರೆ ಗಾಜಿನ ಚೂರಿನಲ್ಲಿ ಕೆರೆದ ಹಾಗಲ್ಲ. ಅಭ್ಯಾಸ ಆಗ್ಬೇಕು. ಬಿಗಿ ಆದ್ರೆ ಎಣ್ಣೆ ಹಾಕು.”

ಅವಳು ಹಾಕಿದಳು. ದಿನಾ ಹಾಕಿದಳು, ನಾನು ಹೇಳಿದ್ದಲ್ಲವೆ. ಬಿಟ್ ಓಲಾಡುವುದನ್ನು ಮೊಬೈಲಿನಲ್ಲಿ ವಿಡಿಯೋ ಮಾಡಿಯೂ ಕಳಿಸಿದಳು. ನಾನು ಒಂದು ಟ್ಯಾಂಕಿನ ಮೇಲೆ ಕೂತು ಅದನ್ನು ನೋಡಿದೆ. ಓಲಾಡುತ್ತಿದ್ದದ್ದು ಅವಳ ಕೈಯಲ್ಲ, ಬಿಟ್ ಎಂದು ಯಾರಿಗಾದರೂ ಕಾಣುವಂತಿತ್ತು. ಹಿಂದೆ ನಿಂತ ಆ ಒಂದು ಹಲ್ಲು ನೆನಪಾಯಿತು. ಒಂದು ಭಾನುವಾರ ಬಸ್ಸು ಹತ್ತಿ ಹೋಗಿದ್ದರೆ ಸಾಕಿತ್ತು. “ಕೈ ನೆಟ್ಟಗೆ ಇಡು” ಎಂದು ಟೈಪು ಮಾಡಿ, ಫೋನು ಕಿಸೆಗೆ ಹಾಕಿ ಕೆಲಸ ಮುಂದುವರಿಸಿದೆ.

ಕೆರೆದು, ಉಜ್ಜಿ, ಹೊಳಪು ಬರಿಸಿದ ಗೆರಟೆಗಳು ಕೊನೆಯ ತೂತಿಗೆ ಬಂದು ಒಡೆಯುತ್ತಿದ್ದವು. ಉಳಿದವುಗಳ ತೂತು ಅಂಡಾಕಾರ. ಹಿಡಿ ಅದರಲ್ಲಿ ಲೊಡಲೊಡ ಎನ್ನುತ್ತಿತ್ತು. ಅವಳು ಬೆಳ್ತಂಗಡಿಯವರಿಗೆ ತನ್ನಿಂದ ಆಗುವುದಿಲ್ಲ ಎಂದು ಹೇಳಿದಳು. ಸರಳು ಕಾಯಿಸುವುದಕ್ಕೂ ಮತ್ತೆ ಕೂರಲಿಲ್ಲ. ಕೂರಬಾರದೆಂದು ಯಾರೂ ಹೇಳಿರಲಿಲ್ಲ, ಅವಳಿಗೇ ಕೈಯ ಮೇಲೆ ನಂಬಿಕೆ ಹೋಗಿತ್ತು.

ಇಷ್ಟಕ್ಕೇ ನಿಂತಿದ್ದರೂ ಆಗುತ್ತಿತ್ತು. ಮುಂದೆ ಚಿಕ್ಕಮ್ಮನ ಮಗಳ ಸೀಮಂತ ಬಂತು. ಊಟದ ಪಂಕ್ತಿ. ತಂಗಿ ಸಾರು ಬಡಿಸುತ್ತಿದ್ದಳು. ಅವಳ ಅತ್ತೆ, ಭಾವ ಎಲ್ಲ ನನ್ನ ಸಾಲಿನಲ್ಲೇ ಕೂತಿದ್ದರು. ಸೌಟಿನ ಕೆಲಸ ಏನಾಯಿತು ಎಂದು ಯಾರೋ ಕೇಳಿದರು. ಅವಳು ಉತ್ತರಿಸುವ ಮೊದಲೇ ನಾನು ಬಾಯಿ ಹಾಕಿದೆ.

“ಅವಳ ಕೈಗೆ ಮೆಷಿನ್ ಕೊಟ್ರೆ ಗೆರಟೆ ಮಾತ್ರ ಅಲ್ಲ, ಮನೆಯ ಗೋಡೆಯೂ ಬಿರುಕು ಬಿಟ್ಟೀತು ಮಾರಾಯ್ರೇ. ಕೈಗೆ ಹಿಡಿತ ಬೇಕಲ್ಲ!”

ಸಾಲಿಗೆ ಸಾಲೇ ನಕ್ಕಿತು. ಅವಳ ಸೌಟು ನನ್ನ ಎಲೆಯ ಮೇಲೆ ಒಂದು ಗಳಿಗೆ ನಿಂತಿತು. ಆಮೇಲೆ ಒಂದು ತೊಟ್ಟೂ ಆಚೀಚೆ ಬೀಳದ ಹಾಗೆ ಸಾರನ್ನು ಅನ್ನದ ಗುಳಿಗೆ ಹಾಕಿ ಮುಂದಿನವರ ಎಲೆಗೆ ಹೋದಳು.

ಆ ಮಾತು ಅವಳ ಮನೆಗೆ ಹೋಗಿ ಕೂತುಬಿಟ್ಟಿತು. ಅವಳ ಅತ್ತೆ ಕೆಟ್ಟವರಲ್ಲ. ಆದರೆ ಚಾದ ಲೋಟ ಕೊಡುವಾಗಲೂ “ಜಾಗ್ರತೆ, ಬೀಳಿಸ್ಬೇಡ” ಎನ್ನತೊಡಗಿದರು. ಅಟ್ಟದಿಂದ ಭರಣಿ ಇಳಿಸಬೇಕಾದರೆ ಮಗನನ್ನೇ ಕರೆಯುತ್ತಿದ್ದರು. ತಂಗಿಯ ಕೈ ನಡುಗುತ್ತದೆ ಎಂಬುದು ಆ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿಯಾಯಿತು. ಡ್ರಿಲ್ಲನ್ನು ಅವಳು ಅಕ್ಕಿಯ ಗೋಣಿಯಲ್ಲಿ ಸುತ್ತಿ ಭಾವನ ಕೈಯಲ್ಲಿ ವಾಪಸು ಕಳಿಸಿದಳು. ಮೂಡುಬಿದಿರೆ ಕಡೆಯ ಗೇರುಬೀಜದ ಫ್ಯಾಕ್ಟರಿಗೆ ಸೇರಿದಳು. ಬೆರಳುಗಳು ಬೀಜದ ಸೊನೆಗೆ ಕಪ್ಪಾದವು. ಅಲ್ಲಿ ಅವಳನ್ನು ಸಿಪ್ಪೆ ಬಿಡಿಸುವ ಸಾಲಿನಲ್ಲಿ ಕೂರಿಸಿದ್ದಾರೆ, ಸಣ್ಣ ಚೂರಿಯಲ್ಲಿ ತೆಳು ಸಿಪ್ಪೆ ತೆಗೆಯುವಾಗ ಬೀಜ ಎರಡು ಹೋಳಾಗಬಾರದು, ಇವಳ ತಟ್ಟೆಯಲ್ಲಿ ಇಡೀ ಬೀಜವೇ ಹೆಚ್ಚು ಎಂದು ಅವಳ ಜೊತೆ ಕೆಲಸ ಮಾಡುವ ಹೆಂಗಸೊಬ್ಬರು ಒಮ್ಮೆ ಬಸ್ಸಿನಲ್ಲಿ ಸಿಕ್ಕಿ ಹೇಳಿದರು. ನಾನು ಕಿಟಕಿಯ ಹೊರಗೆ ನೋಡಿದೆ.

ಗೋಣಿಯ ಗಂಟನ್ನು ನಾನು ಬಿಚ್ಚಿಯೂ ನೋಡಲಿಲ್ಲ ಎಂದರೆ ಸುಳ್ಳಾಗುತ್ತದೆ. ನವರಾತ್ರಿಯಲ್ಲಿ ಆಯುಧ ಪೂಜೆಗೆ ಬಿಚ್ಚುತ್ತಿದ್ದೆ. ನಮ್ಮಲ್ಲಿ ಅಂದು ಎಲ್ಲ ಸಾಮಾನು ಒರೆಸಿ, ಎಣ್ಣೆಯ ಕೈ ಆಡಿಸಿ, ದೇವರ ಪಟದ ಎದುರು ಸಾಲಾಗಿಡುವುದು. ಆ ಡ್ರಿಲ್ಲಿಗೂ ಗಂಧ, ಕುಂಕುಮ, ಒಂದು ಹೂವು. ಬಾಯಿಗೆ ಎರಡು ತೊಟ್ಟು ತೆಂಗಿನೆಣ್ಣೆ. ಪ್ರಸಾದದ ಹೊದ್ಲು ಬೆಲ್ಲ ಹಂಚಿ ಆದ ಮೇಲೆ ಮತ್ತೆ ಗೋಣಿಗೆ. ಕೈ ಮುಗಿಯಲು ಆಗುತ್ತಿತ್ತು, ಚಕ್ ಬಿಚ್ಚಿ ನೋಡಲು ಆಗುತ್ತಿರಲಿಲ್ಲ.

ಈ ಮಳೆಗಾಲದಲ್ಲಿ ನನ್ನ ಸ್ವಂತ ಡ್ರಿಲ್ಲಿನ ಮೋಟಾರು ಸುಟ್ಟುಹೋಯಿತು. ಒಪ್ಪಿಕೊಂಡ ಕೆಲಸವಿತ್ತು. ಅವಸರಕ್ಕೆ ಇರಲಿ ಎಂದು ಗೋಣಿ ಇಳಿಸಿದೆ. ಪ್ಲಗ್ಗು ಹಾಕಿದರೆ ಮೋಟಾರು ಗುಂಯ್ ಎಂದಿತು. ಚಕ್ ಮಾತ್ರ ಕಲ್ಲು. ಅದರ ಬಾಯಲ್ಲಿ ತಂಗಿ ಕೊನೆಗೆ ಹಾಕಿದ್ದ ಬಿಟ್ ಹಾಗೇ ಕಚ್ಚಿಕೊಂಡಿತ್ತು, ತುದಿ ಮುರಿದಿತ್ತು.

ಕೀ ಹಾಕಿ ತಿರುಗಿಸಿದೆ. ಕೀಯ ಕಚ್ಚು ಜಾರಿ ಬೆರಳ ಗಂಟು ಬಳೆಗೆ ಉಜ್ಜಿತು. ಮತ್ತೆ ಹಾಕಿದೆ, ಮತ್ತೆ ಜಾರಿತು. ಕೀಯ ಹಿಡಿಗೆ ಪೈಪು ತೂರಿಸಿ ಒತ್ತಿದೆ. ಕೀ ಬಾಗಿತು, ಚಕ್ ಜಗ್ಗಲಿಲ್ಲ. ಇಕ್ಕಳದಲ್ಲಿ ಹಿಡಿದು ತಿರುಚಿದರೆ ಮೇಲೆ ಗೀರು ಬಿದ್ದದ್ದಷ್ಟೇ ಲಾಭ. ಸಿಟ್ಟು ಬಂದು ಬೈದೆ. ಯಾರಿಗೆ ಬೈದೆನೋ ತಿಳಿಯದು.

ಬಾಗಿಲಲ್ಲಿ ನಿಂತ ಹೆಂಡತಿ ಹೇಳಿದಳು, “ಚಾ ತಣಿಯಿತು. ಇನ್ನು ಅದನ್ನೂ ಆ ಮೆಷಿನಿಗೇ ಕುಡಿಸಿ.”

“ನಿನ್ನದೊಂದು ಕಡಿಮೆ ಇತ್ತು.”

“ಆ ಮೆಷಿನಿನ ತಂಟೆ ನಿಮಗೆ ಯಾಕೆ? ಅದು ಹಿಡಿತ ಇಲ್ಲದವರ ಮೆಷಿನ್ ಅಲ್ವಾ?”

ಸೀಮಂತದ ದಿನ ಅವಳೂ ಆ ಪಂಕ್ತಿಯಲ್ಲಿದ್ದಳು.

ಡೀಸೆಲ್ ತಂದು, ಮೋಟಾರಿಗೆ ಇಳಿಯದ ಹಾಗೆ ಮೂತಿ ಕೆಳಗೆ ಮಾಡಿ, ಚಕ್ಕನ್ನು ಡಬ್ಬಿಯಲ್ಲಿ ಮುಳುಗಿಸಿಟ್ಟೆ. ಮರುದಿನ ಡೀಸೆಲ್ ಕಾಫಿಯ ಬಣ್ಣಕ್ಕೆ ತಿರುಗಿತ್ತು. ಬಳೆಯ ಸುತ್ತ ಸುತ್ತಿಗೆಯಲ್ಲಿ ಮೆಲ್ಲಗೆ ತಟ್ಟಿ ಕೀ ಹಾಕಿದೆ. ಸ್ವಲ್ಪ ಕರಕ್ಕೆಂದಿತು. ಹಿಂದಕ್ಕೆ ಮುಂದಕ್ಕೆ, ಮತ್ತೆ ಡೀಸೆಲ್ಲಿಗೆ, ಮತ್ತೆ ಕೀ. ಹೀಗೆ ಮಾಡಿ ಮಾಡಿ ಕೊನೆಗೆ ಬಿಟ್ ಕಳಚಿಕೊಂಡಿತು. ಅದರ ಬುಡದಲ್ಲಿ ಒಂದೇ ಬದಿಗೆ ಆಳವಾದ ಗೀರು. ಎರಡು ಹಲ್ಲು ಅದನ್ನು ಒಂದು ಕಡೆಗೆ ಒತ್ತಿ ಹಿಡಿದಿದ್ದವು, ಮೂರನೆಯದು ಮುಟ್ಟಿಯೇ ಇರಲಿಲ್ಲ.

ಚಕ್ಕನ್ನು ಮೆಷಿನಿಗೆ ಕಟ್ಟಿ ಹಾಕುವ ಒಂದು ಸ್ಕ್ರೂ ಅದರ ಗಂಟಲಿನ ತಳದಲ್ಲಿರುತ್ತದೆ. ಉದ್ದ ಸ್ಕ್ರೂಡ್ರೈವರು ಇಳಿಸಿ ಎಡಕ್ಕೆ ತಿರುಗಿಸಿದೆ. ಬರಲಿಲ್ಲ. ಮೈಯ ಭಾರವೆಲ್ಲ ಹಾಕಿ ಎಡಕ್ಕೆ ತಿರುಗಿಸಿದೆ. ಸ್ಕ್ರೂವಿನ ತಲೆ ಸವೆಯಿತೇ ಹೊರತು ಅಲುಗಲಿಲ್ಲ. ಕೈ ಸೋತು ಕೂತಾಗ ನೆನಪಾಯಿತು, ಈ ಒಂದು ಸ್ಕ್ರೂ ಉಲ್ಟಾ, ಬಲಕ್ಕೆ ತಿರುಗಿಸಿದರೆ ಬಿಚ್ಚುವಂಥದ್ದು. ಮೊದಲ ಸಲವೂ ಇದೇ ತಪ್ಪು ಮಾಡಿದ್ದೆ. ಅಂದರೆ ಬಿಚ್ಚಲು ಹೊರಟವನು ಇಷ್ಟು ಹೊತ್ತು ಬಿಗಿಯುತ್ತಲೇ ಇದ್ದೆ. ಸ್ಕ್ರೂಡ್ರೈವರನ್ನು ಅಂಗಳಕ್ಕೆ ಎಸೆದು, ಹೋಗಿ ಹೆಕ್ಕಿ ತಂದು, ಬಲಕ್ಕೆ ತಿರುಗಿಸಿ ಬಿಚ್ಚಿದೆ.

ಹೊರಬಳೆ ಜಾರಿಸುವಾಗ ಮಾತ್ರ ಈ ಸಲ ಅವಸರ ಮಾಡಲಿಲ್ಲ. ಪೇಪರು ಹಾಸಿ, ಹಲ್ಲುಗಳು ಕೂತಿದ್ದ ಸುತ್ತಿನಲ್ಲೇ ಒಂದೊಂದನ್ನು ತೆಗೆದು ಸಾಲಾಗಿಟ್ಟೆ. ಒಳಗೆ ಸಂದುಗೊಂದೆಲ್ಲ ತುಂಬಿಹೋಗಿತ್ತು. ತೆಂಗಿನೆಣ್ಣೆ, ಗೆರಟೆಯ ಹುಡಿ, ವರ್ಷ ವರ್ಷ ಹಚ್ಚಿದ ಗಂಧ ಎಲ್ಲ ಸೇರಿ, ತೊಳೆಯದೆ ಇಟ್ಟ ಕಾವಲಿಯ ತಳದ ಹಾಗೆ ಕಪ್ಪು ಅಂಟು. ನಾನೇ ಹಾಕಿದ ಎಣ್ಣೆ, ನಾನೇ ಹಾಕಲು ಹೇಳಿದ ಎಣ್ಣೆ. ಹಳೆ ಟೂತ್‌ಬ್ರಷ್ಷಿನಲ್ಲಿ ತಿಕ್ಕಿದೆ, ಹೋಗಲಿಲ್ಲ. ಸೂಜಿಯಲ್ಲಿ ಕೆರೆದೆ, ಮತ್ತೆ ಡೀಸೆಲ್ಲಿನಲ್ಲಿ ಅದ್ದಿದೆ. ಉಗುರಿನ ಸಂದಿಗೆಲ್ಲ ಅದೇ ಕಪ್ಪು. ತಂಗಿಯ ಬೆರಳಿನ ಬಣ್ಣ ನನ್ನ ಬೆರಳಿಗೆ ಬಂತು.

ಅಂಟು ಹೋದ ಮೇಲೆ ಹಲ್ಲುಗಳ ಮೈಯಲ್ಲಿ ಸಣ್ಣ ಅಂಕೆಗಳು ಕಂಡವು. ಕಂಪೆನಿಯವರೇ ಕೊರೆದದ್ದು. ನಾನು ಜೋಡಿಸಿದ್ದ ಸಾಲಿನಲ್ಲಿ ಅವು ಇದ್ದದ್ದು ಹೀಗೆ: ಒಂದು, ಮೂರು, ಎರಡು.

ಏನಾದರೂ ತಪ್ಪಿದಾಗಲೆಲ್ಲ ಹೇಳಲು ನನ್ನಲ್ಲಿ ಒಂದು ಮಾತು ಯಾವಾಗಲೂ ತಯಾರು ಇರುತ್ತದೆ: ನಾನು ಓದಿದವನಲ್ಲ, ನನಗೆ ಹೇಗೆ ಗೊತ್ತಾಗಬೇಕು? ಆ ಮಾತು ಇಲ್ಲಿ ಕೆಲಸಕ್ಕೆ ಬರಲಿಲ್ಲ. ಆರನೇ ಕ್ಲಾಸಿನವರೆಗೆ ಹೋದವನಿಗೆ ಒಂದು ಎರಡು ಮೂರು ಬರುತ್ತದೆ.

ಸರಿಯಾದ ಸಾಲಿನಲ್ಲಿ ಕೂರಿಸಿದೆ. ತಿರುಗಿಸಿದಾಗ ಮೂರೂ, ಚಿಟಿಕೆ ಉಪ್ಪು ತೆಗೆಯುವ ಬೆರಳುಗಳ ಹಾಗೆ, ಒಂದೇ ಕಡೆ ಬಂದು ಸೇರಿದವು. ತೆಂಗಿನೆಣ್ಣೆಯ ಬದಲು ಹೊಲಿಗೆ ಮೆಷಿನಿನ ಎಣ್ಣೆ ಒಂದು ತೊಟ್ಟು ಬಿಟ್ಟೆ. ಹೊಸ ಬಿಟ್ ಹಾಕಿ ಸ್ವಿಚ್ಚು ಒತ್ತಿದರೆ ಅದು ತಿರುಗುತ್ತಿದೆಯೋ ನಿಂತಿದೆಯೋ ಎಂದು ಅನುಮಾನ ಬರುವಷ್ಟು ನೆಟ್ಟಗೆ. ಸಂತೋಷವಾಗಬೇಕಿತ್ತು. ಬಂದದ್ದು ಸಿಟ್ಟು. ಗಟ್ಟಿಯಾದ ಎಣ್ಣೆ ತೆಗೆಯುವುದಕ್ಕೆ ಮಾತ್ರ ಇಷ್ಟು ಒದ್ದಾಟ. ಅಂದೇ ಊಟಕ್ಕೆ ಸ್ವಲ್ಪ ತಡ ಮಾಡಿ ಕೂತಿದ್ದರೆ ಏನೂ ಬೇಕಿರಲಿಲ್ಲ.

ಒಪ್ಪಿದ್ದ ಕೆಲಸಕ್ಕೆ ಬೇರೆಯವರ ಮೆಷಿನ್ ತಂದೆ. ಇದನ್ನು ಭಾನುವಾರ ಚೀಲದಲ್ಲಿ ಹಾಕಿಕೊಂಡು ಬಿ.ಸಿ. ರೋಡಿನಿಂದ ಮೂಡುಬಿದಿರೆಯ ಬಸ್ಸು ಹತ್ತಿದೆ. ದಾರಿಯುದ್ದಕ್ಕೂ ಹೇಳಬೇಕಾದ್ದನ್ನು ಮನಸ್ಸಿನಲ್ಲೇ ಹೇಳಿಕೊಂಡೆ. ಸಿದ್ಧಕಟ್ಟೆ ದಾಟುವಾಗ ಮಾತು ಸರಿಯಾಗಿತ್ತು. ಮೂಡುಬಿದಿರೆಯಲ್ಲಿ ಇಳಿದು ಬೆಳುವಾಯಿಯ ಬಸ್ಸಿಗೆ ಕಾಯುವಾಗ ಅರ್ಧ ಉಳಿದಿತ್ತು. ಅವಳ ಮನೆಯ ಜಗಲಿ ಏರಿದಾಗ ಒಂದೂ ಇರಲಿಲ್ಲ.

ಭಾವ ರಿಕ್ಷಾ ತೊಳೆಯುತ್ತಿದ್ದರು. ಅತ್ತೆ ಜಗಲಿಯಲ್ಲಿ ಕೂತು ಹುಣಸೆ ಬೀಜ ಬಿಡಿಸುತ್ತಿದ್ದರು. ತಂಗಿ ಒಳಗಿನಿಂದ ಬಂದು ನನ್ನ ಚೀಲ ನೋಡಿದಳು.

“ಏನು ಅಣ್ಣ, ಮಳೆಯಲ್ಲಿ? ಚೀಲದಲ್ಲಿ ಎಂಥದು?”

“ನಿನ್ನ ಡ್ರಿಲ್.”

“ನನ್ನದಾ? ನನ್ನದೆಂಥ ಡ್ರಿಲ್? ನಾನು ಮುಟ್ಟುದಿಲ್ಲ.”

“ಒಂದು ಗೆರಟೆಗೆ ಹಾಕಿ ನೋಡು. ಒಂದೇ.”

ಭಾವ ನಕ್ಕರು. “ಬೇಡ ಭಾವ, ನಮ್ಮ ಗೋಡೆ ಈಗಷ್ಟೇ ಸಾರಣೆ ಆದದ್ದು.”

ನನ್ನದೇ ಹಳೆಯ ಮಾತು ಅದು. ತಂಗಿ ನಗಲಿಲ್ಲ. ಬಚ್ಚಲ ಕಡೆ ಹೋಗಿ ಒಂದು ಗೆರಟೆ ತಂದಳು. ಒಲೆಯ ರಾಶಿಯಿಂದ ತಂದದ್ದಲ್ಲ, ಕೆರೆದು ಉಜ್ಜಿದ್ದು. ಇನ್ನೂ ಮಾಡುತ್ತಾಳೆಯೆ ಎಂದು ಕೇಳಲು ನನಗೆ ಧೈರ್ಯ ಬರಲಿಲ್ಲ. ಮಣೆಯ ಮೇಲೆ ಗೋಣಿ ಮಡಚಿ, ಗೆರಟೆ ಕವುಚಿ ಹಾಕಿ, ಕಪ್ಪು ಬೆರಳುಗಳಲ್ಲಿ ಹಿಡಿದು ಬಿಟ್ ಇಟ್ಟಳು. ಅದು ಇಟ್ಟಲ್ಲೇ ಇಳಿಯಿತು. ಕಂದು ಹುಡಿ ಸುತ್ತಲೂ ಬಳೆಯ ಹಾಗೆ ಕೂತಿತು. ಗೆರಟೆ ತಿರುಗಿಸಿ ಎದುರಿನ ತೂತೂ ತೆಗೆದಳು. ಒಂದು ಗೆರೆಯಷ್ಟೂ ಬಿರುಕಿಲ್ಲ.

ಅವಳು ತೂತಿನ ಅಂಚನ್ನು ಹೆಬ್ಬೆರಳಿನಲ್ಲಿ ಸವರಿದಳು. “ಎಂಥ ಮಾಡಿದಿ ಇದಕ್ಕೆ?”

“ಕ್ಲೀನ್ ಮಾಡಿದೆ. ಎಣ್ಣೆ ಗಟ್ಟಿಯಾಗಿತ್ತು. ಡೀಸೆಲ್ಲಿನಲ್ಲಿ ಇಟ್ಟು...”

“ಎಣ್ಣೆ ಹಾಕು ಅಂತ ಹೇಳಿದ್ದು ನೀನೇ.”

“ಹೌದು.”

“ಅಷ್ಟೇಯಾ?”

ನಾನು ಬಾಯಿ ತೆರೆಯುವ ಮೊದಲು ಅತ್ತೆ ಹೇಳಿದರು, “ಮೆಷಿನ್ ಎಂಥ ಮಾಡೀತು? ಈಗ ಅವಳ ಕೈ ಗಟ್ಟಿಯಾಗಿದೆ. ಫ್ಯಾಕ್ಟರಿಗೆ ಹೋಗಿ ಅಭ್ಯಾಸ ಆಯ್ತಲ್ಲ.”

“ಅದು ಹೌದು,” ಎಂದರು ಭಾವ. “ಈಗ ಸ್ವಲ್ಪ ಹಿಡಿತ ಬಂದಿದೆ.”

ಪ್ರೀತಿಯಿಂದಲೇ ಹೇಳಿದ್ದು ಇಬ್ಬರೂ. ನಾನು ತಲೆಯಾಡಿಸಿದರೆ ಸಾಕಿತ್ತು. ಚಾ ಕುಡಿದು, ಡ್ರಿಲ್ ಇಟ್ಟು, ಒಳ್ಳೆಯ ಅಣ್ಣನಾಗಿಯೇ ಬಸ್ಸು ಹತ್ತಬಹುದಿತ್ತು. ತಂಗಿ ಮೆಷಿನನ್ನು ಮೆಲ್ಲಗೆ ನೆಲಕ್ಕಿಟ್ಟು ವಯರು ಸುತ್ತತೊಡಗಿದಳು, ಮತ್ತೆ ಗೋಣಿಗೆ ಹಾಕುವವಳ ಹಾಗೆ.

“ಅಲ್ಲ ಅತ್ತೆ,” ಎಂದೆ. ನನ್ನ ಸ್ವರ ಅಗತ್ಯಕ್ಕಿಂತ ದೊಡ್ಡದಾಗಿತ್ತು. ಭಾವ ನೀರು ನಿಲ್ಲಿಸಿದರು. “ಅವಳ ಕೈ ಅಂದೂ ಸರಿ ಇತ್ತು. ನಾನು ಇದರ ಹಲ್ಲು ತಪ್ಪು ಜೋಡಿಸಿ ಕೊಟ್ಟದ್ದು. ಒಂದು ಹಿಂದೆ ನಿಂತದ್ದು ನನಗೆ ಕಂಡಿತ್ತು. ಗೊತ್ತಿದ್ದೂ ಅವಳ ಕೈಯ ಮೇಲೆ ಹಾಕಿದೆ, ಪಂಕ್ತಿಯಲ್ಲಿ ಎಲ್ಲರ ಎದುರು ನಗಾಡಿದೆ.”

ತಂಗಿ ವಯರು ಸುತ್ತುವುದನ್ನು ನಿಲ್ಲಿಸಿ ನನ್ನನ್ನು ನೋಡಿದಳು.

“ನಿನ್ನ ಕೈಯಲ್ಲಿ ಏನೂ ತಪ್ಪಿರಲಿಲ್ಲ ತಂಗಿ. ತಪ್ಪು ನನ್ನದು. ನನ್ನಿಂದ ತಪ್ಪಾಯ್ತು.”